ಆಟದಿಂದ ಮೊದಲು ಎದ್ದವರು ಯಾರು?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಎಂಬತ್ತರ ದಶಕದಲ್ಲಿ ಅಜ್ಜಿಯ ಜೊತೆ ಪಡಸಾಲೆಯಲ್ಲಿ ಚೌಕಾಬಾರ ಆಡಿ ಬೆಳೆದವಳು ನಾನು. ಈಗ ಬೇಸಿಗೆ ರಜೆ. ನನ್ನ ಮಗ ಬೆಂಗಳೂರು, ಪುಣೆಯಲ್ಲಿರುವ ಅಕ್ಕಂದಿರ ಮಕ್ಕಳ ಜೊತೆ ದಿನವಿಡೀ ಮೊಬೈಲಿನಲ್ಲಿ ಲೂಡೊ ಆಡುತ್ತಾನೆ. ಬೈದೆ. ‘ಅವ್ವಾ, ನೀನೂ ಕಾಯಿ ನಡೆಸ್ತಿದ್ದಿ, ನಾನೂ ಕಾಯಿ ನಡೆಸ್ತೀನಿ. ಏನು ಫರಕು?’ ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಈಗಿನ ಮಕ್ಕಳಿಗೆ ಇದನ್ನೆಲ್ಲ ಹೇಗೆ ತಿಳಿಸಿ ಹೇಳುವುದು?
– ಓದುಗರೊಬ್ಬರು, ಕೊಪ್ಪಳ

ಸಂಪಾದಕರ ಉತ್ತರ: ತಂಗೆವ್ವಾ, ನಿಮ್ಮ ಮಗ ಕೇಳಿದ್ದು ಹುಡುಗಾಟದ ಮಾತಲ್ಲ. ಅವನಿಗೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಲೂಡೊ ನಮ್ಮ ಪಚ್ಚೀಸಿಯ ಮೊಮ್ಮಗ. ಪಚ್ಚೀಸಿಯಲ್ಲಿ ಕವಡೆ ಹಾಕಿದಾಗ ಬೀಳುವ ದೊಡ್ಡ ಗರ ಇಪ್ಪತ್ತೈದು, ಹಿಂದಿಯಲ್ಲಿ ಪಚ್ಚೀಸ್; ಹೆಸರು ಬಂದದ್ದು ಅದರಿಂದ. ಇಂಗ್ಲಿಷರು ಕವಡೆಯ ಜಾಗದಲ್ಲಿ ದಾಳ ಇಟ್ಟು, ಆಟವನ್ನು ಸರಳ ಮಾಡಿ, 1896ರಲ್ಲಿ ಲೂಡೊ ಎಂಬ ಹೆಸರಿನಲ್ಲಿ ಪೇಟೆಂಟ್ ಮಾಡಿಸಿಕೊಂಡರು. ಹಾಗಾಗಿ ನಿಮ್ಮ ಹುಡುಗ ಪರದೇಶದ ಆಟವನ್ನೇನೂ ಆಡುತ್ತಿಲ್ಲ. ಪುಣೆಯ ಕೂಸೂ ಕೊಪ್ಪಳದ ಕೂಸೂ ಒಂದೇ ಆಟಕ್ಕೆ ಕೂಡುತ್ತವೆ ಎಂಬುದೂ ಸಣ್ಣ ಮಾತಲ್ಲ. ಇಷ್ಟು ಒಪ್ಪಿದೆ.

ಇನ್ನು ಫರಕಿಗೆ ಬರೋಣ. ದಾಳ ಉರುಳಿಸುವುದೂ ಮೊಬೈಲೇ, ಎಣಿಸುವುದೂ ಅದೇ, ಕಾಯಿ ಕಡಿದಾಗ ತೆಗೆದಿಡುವುದೂ ಅದೇ. ಆಡುವವನಿಗೆ ಉಳಿದದ್ದು ಬೆರಳು ಒತ್ತುವ ಕೆಲಸ. ಚೌಕಾಬಾರ ಹಾಗಲ್ಲ. ಐದೈದರ 25 ಮನೆ. ಹೊರಸುತ್ತಿನ 16 ಮನೆ ಒಂದು ದಿಕ್ಕಿಗೆ ನಡೆದು, ಒಳಸುತ್ತಿನ 8 ಮನೆ ಅದಕ್ಕೆ ತಿರುಗಾ ನಡೆದು, ನಟ್ಟನಡುವಿನ ಮನೆಯಲ್ಲಿ ಕಾಯಿ ಹಣ್ಣಾಗಬೇಕು. ಬಾಯಿ ಮೇಲಾದ ಕವಡೆ ಎಷ್ಟೋ ಅಷ್ಟು ಗರ. ನಾಲ್ಕೂ ಬೋರಲು ಬಿದ್ದರೆ ಎಂಟು. ಒಂದು ಕವಡೆ ಗೋಡೆಗೆ ಒರಗಿ ಓರೆಯಾಗಿ ನಿಂತಿತೆನ್ನಿ. ಅದು ಬಾಯಿಯೋ ಬೋರಲೋ? ಅಲ್ಲಿ ಜಗಳ ಶುರು. ಆ ಜಗಳವನ್ನು ಆಡುವವರೇ ಬಗೆಹರಿಸಿಕೊಳ್ಳಬೇಕು. ಯಾರದು ನ್ಯಾಯ, ಯಾರದು ಹಟ, ಯಾವಾಗ ಬಿಟ್ಟುಕೊಡಬೇಕು ಎಂಬುದನ್ನು ನಾನು ಶಾಲೆಯಲ್ಲಿ ಕಲಿತವನಲ್ಲ, ಆ ಓರೆಯಾದ ಕವಡೆಯ ಸುತ್ತ ಕಲಿತೆ.

ಮಾನ್ವಿ ತಾಲೂಕಿನ ನಮ್ಮ ಹಳ್ಳಿಯ ಮನೆಯ ಮುಂದೆ ಒಂದು ಕಟ್ಟೆ ಇತ್ತು. ಅದರ ಹಾಸುಗಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನು ಯಾರೋ ಹಿರಿಯರು ಉಳಿಯಿಂದ ಕೆತ್ತಿಸಿದ್ದರು. ಬೆಳಿಗ್ಗೆ ಅದರ ಮೇಲೆ ಮೆಣಸಿನಕಾಯಿ ಒಣಗುತ್ತಿದ್ದವು, ಸಂಜೆ ಆಟ ನಡೆಯುತ್ತಿತ್ತು. ರಾಯಚೂರು ಸೀಮೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಹೊತ್ತು ನೆತ್ತಿಗೆ ಬಂದ ಮೇಲೆ ಎತ್ತೂ ನೆರಳು ಬಿಟ್ಟು ಬರುತ್ತಿರಲಿಲ್ಲ. ಆಗ ಆಟ ಒಳಗಿನ ಪಡಸಾಲೆಗೆ ಬರುತ್ತಿತ್ತು. ಪರಸಿ ಕಲ್ಲಿನ ಮೇಲೆ ಸುಣ್ಣದುಂಡೆಯಿಂದ ಗೆರೆ ಎಳೆದರೆ ಮುಗಿಯಿತು. ಕವಡೆ ಕಳೆದಿದ್ದರೆ ಹುಣಸೆ ಬೀಜ. ಒಂದು ಮಗ್ಗುಲು ಬೆಳ್ಳಗಾಗುವ ತನಕ ಅವನ್ನು ಕಲ್ಲಿಗೆ ತಿಕ್ಕುವುದು ನನ್ನ ಕೆಲಸ. ತಿಕ್ಕಿ ತಿಕ್ಕಿ ಬೀಜ ಬಿಸಿಯಾದಾಗ ತಂಗಿಯ ಕೈಗೆ ಚುರುಕು ಮುಟ್ಟಿಸಿ ಅಳಿಸುವುದೂ ನನ್ನದೇ ಕೆಲಸವಾಗಿತ್ತು.

ಆ ಆಟಕ್ಕೆ ಕೂಡುತ್ತಿದ್ದವರಲ್ಲಿ ಇಬ್ಬರನ್ನು ನಾನು ಮರೆಯಲಾರೆ. ಒಬ್ಬಳು ನನ್ನ ಸೋದರತ್ತೆ. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮದುವೆ ಮುಂಜಿಯಲ್ಲಿ ಮುಂದೆ ಬರುತ್ತಿರಲಿಲ್ಲ, ನಾಲ್ಕು ಜನ ಕೂತಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕವಡೆ ಕೈಗೆ ಬಂತೋ, ಅವಳ ದನಿ ಓಣಿಗೆ ಕೇಳುತ್ತಿತ್ತು. ‘ಎಂಟ ಬೀಳ್ತೈತಿ ನೋಡ್ರೀಗ!’ ಎಂದು ಕೂಗಿ ಹಾಕುವಳು. ಬಿದ್ದರೆ ಮನೆ ತುಂಬ ನಗು. ಅವಳು ನಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನೊಬ್ಬ ನನ್ನ ಅಪ್ಪ. ಅವನ ಮುಂದೆ ನಿಂತು ಮಾತಾಡಲು ನಾವೆಲ್ಲ ಅಂಜುತ್ತಿದ್ದೆವು. ಒಂದು ಮಧ್ಯಾಹ್ನ, ಹಣ್ಣಾಗಲು ಎರಡೇ ಮನೆ ಉಳಿದಿದ್ದ ಅವನ ಕಾಯಿಯನ್ನು ನಾನು ಕಡಿದೆ. ಕಡಿದು, ಹೊಡೆತ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ಅಪ್ಪ ತೊಡೆ ತಟ್ಟಿ ‘ಕಡದಾನಲ್ಲೋ ನನ್ನ!’ ಎಂದು ಅಜ್ಜಿಯ ಕಡೆ ತಿರುಗಿ ನಕ್ಕ. ಹತ್ತು ವರ್ಷದ ಹುಡುಗ ಅಪ್ಪನನ್ನು ಗೆಲ್ಲಲು, ಗೆದ್ದು ಅವನ ಪ್ರೀತಿಯನ್ನೇ ಪಡೆಯಲು ನಮ್ಮ ಮನೆಯಲ್ಲಿ ಆ 25 ಮನೆಗಳ ಆಚೆ ಜಾಗವಿರಲಿಲ್ಲ. ನಿಮ್ಮ ಮಗನಿಗೆ ಈ ಫರಕನ್ನು ಹೇಳಿ ನೋಡಿ.

ಆದರೆ ನಿಮಗೂ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬಾರದು. ‘ಈಗಿನ ಮಕ್ಕಳಿಗೆ’ ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ಮಗನ ಮೇಲೆ ದೂರಿದೆ. ಅವನನ್ನು ಎದುರಿಗೆ ಕೂಡಿಸಿಕೊಂಡು ನೀವು ಒಂದು ದಿನವಾದರೂ ಕವಡೆ ಹಾಕಿದಿರಿ ಎಂಬ ಸಾಲು ಇಲ್ಲ. ಆಟದಿಂದ ಮೊದಲು ಎದ್ದವರು ಮಕ್ಕಳಲ್ಲ ತಂಗೆವ್ವಾ, ನಾವು. ಮೊಬೈಲು ಬರುವುದಕ್ಕಿಂತ ಬಹಳ ಮೊದಲೇ ಎದ್ದೆವು.

ಟಿವಿಯನ್ನು ದೂರುವವರಿದ್ದಾರೆ. ಅದರಲ್ಲಿ ಅರ್ಧ ಮಾತ್ರ ಸತ್ಯ. ಬೆಂಗಳೂರಿಗೆ ದೂರದರ್ಶನ ಬರುವ ಮೊದಲೇ ನಮ್ಮ ಸೀಮೆಯ ಹಳ್ಳಿಗಳಿಗೆ ಟಿವಿ ಬಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದರು. ಕರ್ನಾಟಕದಲ್ಲಿ ಆಯ್ದುಕೊಂಡದ್ದು ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳನ್ನು. ಕೊಪ್ಪಳ ಆಗ ರಾಯಚೂರಿನಲ್ಲೇ ಇತ್ತು. ಊರಿಗೊಂದು ಪೆಟ್ಟಿಗೆ, ಊರೆಲ್ಲ ಕೂತು ನೋಡುವುದು. 1987ರ ಜನವರಿಯಲ್ಲಿ ಭಾನುವಾರದ ರಾಮಾಯಣ ಶುರುವಾದಾಗಲೂ ಒಂದು ಮನೆಯ ಪಡಸಾಲೆಯಲ್ಲಿ ಓಣಿಯೆಲ್ಲ ಕೂಡುತ್ತಿತ್ತು. ಕೂಡುವುದೇನೋ ಇತ್ತು. ಆದರೆ ಆವರೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದವರು ಅಂದಿನಿಂದ ಒಂದೇ ಕಡೆ ಮುಖ ಮಾಡಿ ಕೂತೆವು. ಮಾತಾಡಿದ ಮಕ್ಕಳಿಗೆ ‘ಸುಮ್ಮನಿರ್ರಿ’ ಅಂದವರೂ ನಾವೇ.

ಆಮೇಲೆ ಮನೆಯನ್ನೇ ಬದಲಿಸಿದೆವು. ನಮ್ಮ ಊರಿನ ಆ ಕಟ್ಟೆ ರಸ್ತೆ ಅಗಲ ಮಾಡುವಾಗ ಹೋಯಿತು. ಕೆತ್ತನೆಯ ಕಲ್ಲು ಚರಂಡಿಯ ಮೇಲೆ ಹಾಸಿಕೆಯಾದದ್ದನ್ನು ಕಣ್ಣಾರೆ ಕಂಡೆ. ಎತ್ತಿಸಿಕೊಂಡು ಬರಬೇಕಿತ್ತು, ಬರಲಿಲ್ಲ. ಆ ನೋವು ಇನ್ನೂ ಇದೆ. ಪಡಸಾಲೆಯ ಜಾಗದಲ್ಲಿ ಹಾಲ್, ಹಾಲ್ ತುಂಬ ಸೋಫಾ. ನೆಲಕ್ಕೆ ನುಣುಪಾದ ಟೈಲ್ಸು, ಸುಣ್ಣದ ಗೆರೆ ಹಿಡಿಯುವುದಿಲ್ಲ. ಬೇಸಿಗೆ ರಾತ್ರಿ ಮಾಳಿಗೆಯ ಮೇಲೆ ಕೌದಿ ಹಾಸಿ, ಚುಕ್ಕಿ ನೋಡುತ್ತ ಒಗಟು ಹೇಳುತ್ತಿದ್ದವರು ಕೂಲರ್ ಇದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆವು. ಪಂಚಮಿಯಲ್ಲಿ ಗಿಟುಕ ಕೊಬ್ಬರಿಗೆ ದಾರ ಪೋಣಿಸಿ ಗಿರಗಿರ ಆಡಿಸುತ್ತಿದ್ದ ಹುಡುಗರಿಗೆ ಆ ದಿನವೂ ಟ್ಯೂಷನ್ ಇಟ್ಟೆವು. ಕೂಡಲು ಜಾಗವನ್ನೂ ಕೊಡದೆ, ಹೊತ್ತನ್ನೂ ಕೊಡದೆ, ‘ಮಕ್ಕಳು ಆಡುವುದಿಲ್ಲ’ ಎನ್ನುವುದು ನ್ಯಾಯವೇ?

ಹೋದ ವರ್ಷ ಒಂದು ಖಾಸಗಿ ಶಾಲೆಯವರು ದೇಸಿ ಆಟಗಳ ದಿನಕ್ಕೆ ಕರೆದಿದ್ದರು. ಮಕ್ಕಳಿಗೆ ಧೋತರ, ಇಳಕಲ್ ಸೀರೆ ಉಡಿಸಿದ್ದರು. ಚೌಕಾಬಾರವನ್ನು ಫ್ಲೆಕ್ಸಿನ ಮೇಲೆ ಅಚ್ಚು ಹಾಕಿಸಿದ್ದರು. ಫೋಟೊ ಆದ ಕೂಡಲೇ ಅದನ್ನು ಸುತ್ತಿ ಇಟ್ಟರು. ‘ಮುಂದ ಹೆಂಗ ಆಡಬೇಕ್ರಿ?’ ಎಂದು ಒಂದು ಹುಡುಗಿ ಕೇಳಿತು. ಅಲ್ಲಿದ್ದ ಟೀಚರಿಗೆ ಗೊತ್ತಿರಲಿಲ್ಲ. ನಾನು ಕೂತು ತೋರಿಸುವಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಅವಳನ್ನು ಕರೆದುಕೊಂಡು ಹೋದರು. ಆ ಮಗುವಿನ ಮುಖ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ನಿಮ್ಮ ಜಿಲ್ಲೆಯನ್ನೇ ನೋಡಿ. ಕಿನ್ನಾಳದ ಕಟ್ಟಿಗೆಯ ಬೊಂಬೆಗಳಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಬೊಂಬೆಗಳು ಕೂಸುಗಳ ಕೈಯಿಂದ ಅಧಿಕಾರಿಗಳ ಶೋಕೇಸಿಗೆ ಹೋಗಿ ಕೂತಿವೆ. ತೊಗಲು ಬೊಂಬೆ ಆಡಿಸುವ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಬಂತು. ನಾವೆಲ್ಲ ಹೆಮ್ಮೆ ಪಟ್ಟೆವು. ಕೂಸು ಕುನ್ನಿ ಕಟ್ಟಿಕೊಂಡು, ಕೌದಿ ಹೊದ್ದು, ತೊಗಲು ಬೊಂಬೆಯ ಪರದೆಯ ಮುಂದೆ ಬೆಳಗು ಮಾಡಿದ್ದು ಯಾವ ವರ್ಷ ಎಂದು ನಮ್ಮಲ್ಲಿ ಎಷ್ಟು ಮನೆಗಳು ಹೇಳಬಲ್ಲವು? ಹಂಪಿಯ ಹಾಸುಗಲ್ಲುಗಳ ಮೇಲೆ ಹುಲಿ-ಕುರಿಯಂಥ ಆಟಗಳ ಗೆರೆಗಳು ಇಂದಿಗೂ ಇವೆ. ಜನ ಅವನ್ನು ತುಳಿದುಕೊಂಡೇ ಕಂಬಗಳ ಫೋಟೊ ತೆಗೆಯುತ್ತಾರೆ. ಮುಂದಿನ ಸಲ ಹೋದಾಗ ಮಗನನ್ನು ಅಲ್ಲಿ ಕೂಡಿಸಿ, ಬೆರಳಿಂದ ಆ ಗೆರೆ ಸವರಲು ಹೇಳಿ.

ಈ ಭಾನುವಾರಕ್ಕೆ ಒಂದು ಕೆಲಸ. ಟೈಲ್ಸು ಗೆರೆ ಹಿಡಿಯದಿದ್ದರೆ ಹಳೇ ರಟ್ಟು ಸಾಕು. ಹುಣಸೆಹಣ್ಣು ಬಿಡಿಸಿದ ಬೀಜ ನಿಮ್ಮ ಅಡುಗೆಮನೆಯಲ್ಲಿ ಇದ್ದೇ ಇರುತ್ತವೆ, ನಾಲ್ಕು ಆಯ್ದು ಮಗನಿಗೆ ತಿಕ್ಕಲು ಕೊಡಿ. ಅವನ ಅಪ್ಪನೂ ಕೂಡಲೇಬೇಕು. ಒಂದೊಂದು ಮನೆಯ ಕಟ್ಟಳೆ ಒಂದೊಂದು ಥರ: ನಮ್ಮಲ್ಲಿ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಬಿಡುತ್ತಿರಲಿಲ್ಲ. ನಿಮ್ಮ ಅಜ್ಜಿ ಬಿಡುತ್ತಿದ್ದರೇ? ಮುಂದಿನ ಪತ್ರದಲ್ಲಿ ಬರೆಯಿರಿ.
– ಸಂ.