ಏಳನೇ ದಿನದ ಪೂಜೆ ಆದ್ಮೇಲೆ ಏನ್ ಮಾಡೋದು?

ಪ್ರಶ್ನೆ: ನಮ್ದು ತೀರ್ಥಹಳ್ಳಿ ಕಡೆ ಒಂದು ಚಿಕ್ಕ ಚರ್ಚು. ನಮ್ಮ ವಾರ್ಡಿನ ಒಬ್ರು ಅಕ್ಕನ ಯಜಮಾನ್ರು ಜೂನ್ ಮೊದಲ ವಾರ ಹಾರ್ಟ್ ಅಟ್ಯಾಕಾಗಿ ಹೋಗ್ಬಿಟ್ರು. ಮಣ್ಣಿಗೆ ಊರಿಗೂರೇ ಬಂದಿತ್ತು, ದಿನಾ ಸಂಜೆ ಜಪಸರ ಹೇಳಿದ್ವಿ, ಏಳನೇ ದಿನದ ಪೂಜೆನೂ ಆಯ್ತು. ಈಗ ಯಾರೂ ಆ ಕಡೆ ಹೋಗ್ತಿಲ್ಲ, ಹೋದ್ರೆ ಏನ್ ಮಾತಾಡೋದು ಅಂತ ನಮಗೂ ಮುಜುಗರ. ಎರಡು ಸಣ್ಣ ಮಕ್ಳು, ಅರ್ಧ ಎಕರೆ ಅಡಿಕೆ ತೋಟ. ಚರ್ಚಿನೋರಾಗಿ ನಾವೇನು ಮಾಡ್ಬೇಕು?

ಉತ್ತರ: ಮಾತಾಡೋಕೆ ಬರಲ್ಲ ಅಂತ ಹೋಗೋದು ನಿಲ್ಲಿಸ್ಬೇಡಿ. ಲಾಜರನ ಮನೆ ಕತೆ ನೋಡಿ, ಯೇಸು ಬರೋ ಹೊತ್ತಿಗೆ ಅವನನ್ನ ಸಮಾಧಿ ಮಾಡಿ ನಾಲ್ಕು ದಿನ ಆಗಿತ್ತು, ಆಗ್ಲೂ ಅವನ ಅಕ್ಕತಂಗೀರು ಮಾರ್ತ ಮರಿಯರ ಜೊತೆ ಜನ ಇದ್ರು, ಯೇಸುನೂ ಅಲ್ಲಿ ಅತ್ತರು. ಅಕ್ಕ ಅತ್ರೆ ಅಳ್ಲಿ, ನಿಮಗೂ ಅಳು ಬಂದ್ರೆ ಅತ್ಬಿಡಿ. 'ಒಳ್ಳೇರನ್ನ ದೇವ್ರು ಬೇಗ ಕರ್ಕೋತಾನೆ' ಅಂತ ಮಾತ್ರ ದಯವಿಟ್ಟು ಹೇಳ್ಬೇಡಿ, ಎರಡು ಮಕ್ಳಿಟ್ಕೊಂಡಿರೋ ತಾಯಿಗೆ ಅದು ಸಮಾಧಾನ ಅಲ್ಲ, ಗಾಯ. ಬಡವರಿಗೆ ನೆರವಾಗೋ ಸಂತ ವಿನ್ಸೆಂಟ್ ದೆ ಪೌಲ್ ಸಭೆಯೋರು 1833ರಲ್ಲಿ ಪ್ಯಾರಿಸ್ಸಲ್ಲಿ ಶುರು ಮಾಡಿದಾಗಿಂದ ಮನೆ ಭೇಟಿನೇ ಅವರ ಮುಖ್ಯ ಕೆಲ್ಸ, ಇಬ್ಬಿಬ್ರಾಗಿ ಹೋಗ್ತಾರೆ. ನೀವೂ ಹಂಗೇ ಹೋಗಿ, ಗುಂಪು ಕಟ್ಕೊಂಡು ಹೋದ್ರೆ ಪಾಪ ಅವ್ರು ಕಾಫಿ ಮಾಡೋದ್ರಲ್ಲೇ ಸುಸ್ತಾಗ್ತಾರೆ.

ನನಗೆ ನಿಮ್ಮ ಪತ್ರ ಓದ್ತಾ ಮೊದಲು ಹೊಳೆದಿದ್ದು ತೋಟ. ಯಜಮಾನ್ರು ಹೋಗಿದ್ದು ಸರಿಯಾಗಿ ಮಳೆ ಹಿಡಿಯೋ ಹೊತ್ತಲ್ಲಿ, ಅಡಿಕೆ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡ್ಸಿದಾರೋ ಇಲ್ವೋ, ಹೊಡ್ಸಿದ್ರೂ 40-45 ದಿನಕ್ಕೆ ಎರಡನೇ ಸಲ ಬೇಕು, ಈ ಮಳೇಲಿ ಮರ ಹತ್ತೋರನ್ನ ಆ ಅಕ್ಕ ಒಬ್ರೇ ಎಲ್ಲಿಂದ ಹುಡುಕ್ತಾರೆ? 'ಏನಾದ್ರೂ ಬೇಕಿದ್ರೆ ಹೇಳಿ' ಅಂದ್ರೆ ಯಾರೂ ಬಾಯ್ಬಿಟ್ಟು ಕೇಳಲ್ಲ. ವಾರ್ಡಿನ ಗಂಡಸ್ರು ಸೇರಿ ಮೈಲುತುತ್ತ, ಸುಣ್ಣ, ಮರ ಹತ್ತೋ ಕೊನೆಗಾರನ್ನ ಗೊತ್ತು ಮಾಡ್ಕೊಂಡು 'ಶನಿವಾರ ಬರ್ತೀವಿ ಅಕ್ಕ' ಅಂತ ಹೇಳ್ಬಿಡಿ.

ಆಮೇಲೆ ಕಾಗದ ಪತ್ರ. ಚರ್ಚ್ ರಿಜಿಸ್ಟರಲ್ಲಿ ಬರ್ದಿದ್ರೆ ಸಾಲ್ದು, ಸರ್ಕಾರದ ಮರಣ ಪತ್ರ ಬೇಕು, 21 ದಿನದೊಳಗೆ ನೋಂದಣಿ ಆಗ್ಬೇಕು, ದಾಟಿದ್ರೆ ಲೇಟ್ ಫೀ ಕಟ್ಟಿ ಮಾಡ್ಸಬಹುದು. ಓದು ಬರಹ ಗೊತ್ತಿರೋ ಯಾರಾದ್ರೂ ಜೊತೆಗೆ ಕೂತು ಪಾಸ್‌ಬುಕ್ ನೋಡಿ. ವರ್ಷಕ್ಕೊಂದ್ಸಲ 436 ರೂಪಾಯಿ ಕಟ್ ಆಗಿದ್ರೆ ಅದು ಜೀವನ ಜ್ಯೋತಿ ವಿಮೆ, 2 ಲಕ್ಷ ಬರುತ್ತೆ, ಎಷ್ಟೋ ಮನೇಲಿ ಇದು ಗೊತ್ತೇ ಇರಲ್ಲ. ತೋಟದ ಪೌತಿ ಖಾತೆ (ತೀರಿಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ), ವಿಧವಾ ವೇತನ ಎರಡಕ್ಕೂ ನಾಡಕಚೇರಿಗೆ ಅವರೊಬ್ರನ್ನೇ ಕಳಿಸ್ಬೇಡಿ.

ಮಕ್ಳ ಹತ್ರ ಅಪ್ಪನ ಸುದ್ದಿ ಎತ್ತೋಕೆ ಹೆದರ್ಬೇಡಿ, ಜ್ಞಾನೋಪದೇಶದ ಟೀಚರ್‌ಗೂ ಹೇಳಿಡಿ. ತೀರಿಕೊಂಡೋರನ್ನ ನೆನೆಯೋ ದಿನ ನವೆಂಬರ್ 2ಕ್ಕೆ ಮುಂಚೆ ಹೋಗಿ ಸಮಾಧಿ ಮೇಲಿನ ಹುಲ್ಲು ಕಿತ್ತು ಕೊಡಿ, ಮಲ್ನಾಡ್ ಮಳೆಗೆ ಅಷ್ಟೊತ್ತಿಗೆ ಗುರುತೇ ಸಿಗಲ್ಲ. ಕ್ರಿಸ್ಮಸ್‌ಗೆ ಅವ್ರಿಗೆ ಕುಸ್ವಾರ್ (ಹಬ್ಬದ ತಿಂಡಿ) ಮಾಡೋ ಮನಸ್ಸಿರಲ್ಲ, ಮಕ್ಳಿಗೆ ಅಂತ ನಿಮ್ಮನೆಯಿಂದ ಕೊಡಿ, ಚರ್ಚಿಗೆ ಬರಲ್ಲ ಅಂದ್ರೆ ಬಲವಂತ ಬೇಡ, ಹೊಸ ವರ್ಷಕ್ಕೆ ಇನ್ನೊಂದ್ಸಲ ಹೋಗಿ ಕರೀರಿ.