ಬೆಕ್ಕು ಕೌದಿ ಮ್ಯಾಲ ಉಚ್ಚಿ ಹೊಯ್ತೈತಿ, ಎಷ್ಟ್ ಹೊಡದರೂ ಬಿಡವಲ್ದು. ಅದು ಉಚ್ಚಿ-ಹೇಲು ಮಾಡೂ ಟಬ್ಬು ದಿನಾ ಫಿನಾಯಿಲ್ ಹಾಕಿ ಸ್ವಚ್ಛ ಇಟ್ಟೀನಿ. ಹೆಂಗ ಬುದ್ಧಿ ಕಲಿಸ್ಲಿ?

ಮೊದಲ ಹೊಡಿಯೂದು ಬಿಡ್ರಿ. ಬುದ್ಧಿ ಕಲಿಸೂ ಪ್ರಶ್ನೇನ ಅಲ್ಲ ಇದು. ಧಾರವಾಡದಾಗ ನಮ್ಮ ಬೆಕ್ಕೂ ಒಂದ್ ಮಳಿಗಾಲ ಪೂರ್ತಿ ಹಿಂಗ ಮಾಡ್ತು. ತಪ್ಪು ನಂದ ಇತ್ತು: ಅದರ ಟಬ್ಬು ತೊಳಿಯಾಕ ಫಿನಾಯಿಲ್ ಹಾಕ್ತಿದ್ದೆ.

ನೀವೂ 'ದಿನಾ ಫಿನಾಯಿಲ್ ಹಾಕಿ ಸ್ವಚ್ಛ ಇಟ್ಟೀನಿ' ಅಂತ ಬರದೀರಿ, ಅದಕ್ಕ ಇದೊಂದನ್ನ ಬಿಡಿಸಿ ಹೇಳ್ತೀನಿ. ನಮಗ ಸ್ವಚ್ಛ ಅನ್ನಿಸೂ ವಾಸನಿ ಬೆಕ್ಕಿಗೆ ಮೂಗಿಗೆ ಹೊಡದಂಗ. ಟಬ್ಬಿನ ಅಂಚಿಗೆ ಬಂದು ಮೂಸಿ, ಒಂದ್ ಕಾಲು ಒಳಗಿಟ್ಟು, ಜಾಡಿಸಿ ಹೊರಗ ತಗೀತೈತಿ. ಆಮ್ಯಾಲ ಮನ್ಯಾಗ ಮೆತ್ತಗ, ಹೀರ್ಕೊಳ್ಳೂವಂಥಾದ್ದು ಯಾವುದೈತಿ ಅಂತ ನೋಡ್ತೈತಿ. ಹಳೀ ಸೀರಿ ನಾಕೈದು ಪದರ ಹಾಕಿ ಹೊಲದ ಕೌದಿಗಿಂತ ಚಲೋ ಜಾಗ ಎಲ್ಲಿ ಸಿಗಬೇಕು? ಇನ್ನೊಂದು, ಫಿನಾಲ್ ಜಾತಿ ರಾಸಾಯನಿಕ ಹೊರಗ ಹಾಕೂ ಶಕ್ತಿ ಬೆಕ್ಕಿನ ಲಿವರಿಗೆ ಭಾಳ ಕಡಿಮಿ. ತೊಳದ ನೆಲದ ಮ್ಯಾಲ ನಡದು ಅಂಗಾಲು ನೆಕ್ಕಿದ್ರ ವಿಷ ಒಳಗ ಹೋಗ್ತೈತಿ. ಕರೀ ಫಿನಾಯಿಲ್ ಬ್ಯಾಡ, ಬಿಳೀದೂ ಬ್ಯಾಡ, ಡೆಟಾಲೂ ಬ್ಯಾಡ. ಮತ್ತ ಅದರಿಂದ ಉಚ್ಚಿ ವಾಸನೀನೂ ಹೋಗಂಗಿಲ್ಲ. ಉಚ್ಚ್ಯಾಗಿನ ಯೂರಿಕ್ ಆಸಿಡ್ ಹರಳು ನೀರಿಗೆ ಕರಗೂದು ಕಷ್ಟ. ಬ್ಯಾಸಿಗ್ಯಾಗ ಸುಮ್ನಿದ್ದದ್ದು, ಜಿಟಿಜಿಟಿ ಮಳಿ ಹಿಡದು ಹಸಿ ಏರಿದ ಕೂಡ್ಲೆ ಮತ್ತ ನಾರ್ತೈತಿ. ಆ ವಾಸನಿ ಹಿಡದ ಬೆಕ್ಕು ಅದ ಜಾಗಕ್ಕ ಬರ್ತೈತಿ.

ಕೌದಿ ಹಿಂಗ ತೊಳೀರಿ: ಹಸೀ ಇದ್ದಾಗ ಹಳೀ ಬಟ್ಟಿ ಒತ್ತಿ ಹೀರಿಸ್ರಿ, ತಿಕ್ಕಬ್ಯಾಡ್ರಿ. ತಣ್ಣೀರಾಗ ಜಾಲಿಸಿ, ಪಾಕೀಟಿನ ಹಿಂದ ಎಂಝೈಮ್ ಅಂತ ಬರದಿರೂ ಬಟ್ಟಿ ಪುಡಿ ಕಲಸಿದ ನೀರಾಗ ರಾತ್ರಿ ಪೂರ್ತಿ ನೆನಸಿಡ್ರಿ. ಒಳಗಿನ ಪದರದ ತನಕ ನೀರು ಇಳೀಬೇಕು, ಮ್ಯಾಲಷ್ಟ ತೊಳದ್ರ ಉಪಯೋಗಿಲ್ಲ. ನೆಲಕ್ಕೂ ಇದ ನೀರು ಹಾಕಿ 15 ನಿಮಿಷ ಹಸೀ ಬಿಟ್ಟು ಒರಸ್ರಿ. ವಿನೆಗರ್ ಹಾಕ್ರಿ ಅಂತ ಭಾಳ ಮಂದಿ ಹೇಳ್ತಾರ; ಶಾಬಾದಿ ಕಲ್ಲಿನ ನೆಲ ಇದ್ರ ಹಾಕಬ್ಯಾಡ್ರಿ, ಅದು ಸುಣ್ಣದ ಕಲ್ಲು, ಹುಳಿ ತಿಂತೈತಿ.

ಟಬ್ಬು ಬೆಕ್ಕಿನ ಉದ್ದಕ್ಕಿಂತ ಒಂದೂವರೆ ಪಟ್ಟು ಇರಬೇಕು, ಮುಚ್ಚಳ ಬ್ಯಾಡ. ಒಂದ್ ಬೆಕ್ಕಿಗೆ ಎರಡು ಟಬ್ಬು, ಎರಡಿದ್ರ ಮೂರು. ವಾಸನಿ ಇಲ್ಲದ ಸಣ್ಣ ಹರಳಿನ ಲಿಟರ್ (ಉಚ್ಚಿ ಹೀರಾಕ ಟಬ್ಬಿನಾಗ ಹಾಕೂ ಹರಳು) 2 ಇಂಚು ಹಾಕ್ರಿ. ರೊಕ್ಕ ಜಾಸ್ತಿ ಅನಿಸಿದ್ರ ಸಾಣಿಸಿದ ಉಸುಕೂ ನಡೀತೈತಿ, ಆದ್ರ ಅದು ಗಂಟು ಕಟ್ಟಂಗಿಲ್ಲ, ಎರಡ್ ದಿನಕ್ಕೊಮ್ಮೆ ಪೂರ್ತಿ ಬದಲಿ ಮಾಡಬೇಕು. ದಿನಾ ಎರಡ್ ಸಲ ಹೊಲಸು ತಗೀರಿ, ವಾರಕ್ಕೊಮ್ಮೆ ಟಬ್ಬು ಬಿಸಿನೀರು, ಚೂರು ಭಾಂಡೆ ಸೋಪು ಹಾಕಿ ತೊಳದು ಬಿಸಲಿಗಿಡ್ರಿ. ಊಟದ ತಾಟಿನ ಬಾಜೂಕ ಇಡಬ್ಯಾಡ್ರಿ, ವಾಷಿಂಗ್ ಮಷೀನ್ ಗುರ್ ಅನ್ನೂ ಕಡೇನೂ ಬ್ಯಾಡ. ಫಿನಾಯಿಲ್ ಹೀರಿದ ಹಳೀ ಟಬ್ಬು ಒಗದುಬಿಡ್ರಿ, ನಾ ಅದನ್ನ ಉಳಸಾಕ ಹೋಗಿ ಇನ್ನೂ 15 ದಿನ ಕಳದೆ. ಬೆಕ್ಕು ಹೊಸ ಟಬ್ಬಿಗೆ ಹೊಂದೂತನಕ ಕೌದಿ ಟ್ರಂಕಿನಾಗಿರ್ಲಿ.

ಹೊಡದ್ರ ಬೆಕ್ಕು ಕಲಿಯೂದು ಒಂದ: ನಿಮ್ಮೆದುರು ಹೊಯ್ಯಬಾರದು. ಆಮ್ಯಾಲ ಕಪಾಟಿನ ಹಿಂದ ಹೊಯ್ತೈತಿ, ನಿಮಗ ಗೊತ್ತಾಗೂದು ವಾರದ ಮ್ಯಾಲ.

ಕುಂತು ಹೊಯ್ತೈತೋ, ನಿಂತು ಬಾಲ ನಡುಗಿಸಿ ಗ್ವಾಡಿಗೆ ಚಿಮ್ಮಿಸ್ತೈತೋ, ಅದನ್ನ ನೀವು ಬರದಿಲ್ಲ. ಗಂಡು ಬೆಕ್ಕು ಗ್ವಾಡಿಗೆ ಚಿಮ್ಮಸ್ತಿದ್ರ ಅದು ಗಡಿ ಗುರ್ತು. ಟಬ್ಬು ಬದಲಿಸಿ ಏನೂ ಆಗಂಗಿಲ್ಲ, ಸಂತಾನಹರಣ ಶಸ್ತ್ರಚಿಕಿತ್ಸಾ ಮಾಡಸ್ರಿ, 5-6 ತಿಂಗಳಿಗೇ ಮಾಡಸಬಹುದು. ಆದ್ರ ಪದೇ ಪದೇ ಕುಂತು, ತಿಣಕಿ, ಹನಿ ಹನಿ ಬಂದ್ರ, ಇಲ್ಲಾ ಏನೂ ಬರದಿದ್ರ, ಉಚ್ಚಿ ದಾರಿ ಕಟ್ಟೈತಿ ಅಂತ ತಿಳೀರಿ. ಗಂಡು ಬೆಕ್ಕು ಇದರಿಂದ ಒಂದೆರಡ ದಿನದಾಗ ಸಾಯಬಹುದು. ಈ ಉತ್ತರ ಓದೂದು ಬಿಟ್ಟು ಈಗಿಂದೀಗ ಪಶು ಡಾಕ್ಟರ್ ಕಡೆ ಒಯ್ರಿ.