ಡಿ ಆ್ಯಂಡ್ ಡಿ ಆಡಲು ಐವರೂ ಸಬ್‌ಸ್ಕ್ರಿಪ್ಷನ್ ತಗೊಳ್ಳಲೇಬೇಕಾ?

ಬೇಕಿಲ್ಲ. ಡಿ ಆ್ಯಂಡ್ ಡಿ, ಅಂದರೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಒಬ್ಬರು ಕಥೆ ನಡೆಸಿ, ಉಳಿದವರು ಪಾತ್ರಗಳಾಗಿ ಆಡುವ ಆಟ) ಶುರು ಮಾಡಲು ಹೊರಟ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ನೀವು ಐವರು, ಅದರಲ್ಲಿ ನಾಲ್ವರು ಹೊಸಬರು ಅಂದಿದ್ದೀರಿ. ಆಟದ ಅಧಿಕೃತ ಆನ್‌ಲೈನ್ ತಾಣವಾದ ಡಿ ಆ್ಯಂಡ್ ಡಿ ಬಿಯಾಂಡ್‌ನ ಉಚಿತ ಖಾತೆಯಲ್ಲೇ ಒಬ್ಬೊಬ್ಬರೂ ಆರು ಪಾತ್ರಗಳನ್ನು ಮಾಡಿಟ್ಟುಕೊಳ್ಳಬಹುದು, ಮೂಲ ನಿಯಮಗಳೂ ಬಿಟ್ಟಿಯಾಗಿ ಸಿಗುತ್ತವೆ. ಮುಂದೆ ಪುಸ್ತಕಗಳನ್ನು ಕೊಂಡರೆ, ಆಟ ನಡೆಸುವವರೊಬ್ಬರು ಮಾಸ್ಟರ್ ಹಂತದ ಚಂದಾ ಕಟ್ಟಿದರೂ ಸಾಕು, ಅದೇ ಕ್ಯಾಂಪೇನ್‌ನಲ್ಲಿರುವ (ಒಂದೇ ಕಥೆಯನ್ನು ಒಟ್ಟಿಗೆ ಆಡುವ ಗುಂಪಿನ) ಉಳಿದವರೂ ಅವನ್ನು ಬಳಸಬಹುದು. ಹಾಗಂತ ಚಂದಾ ಕಟ್ಟಿದರೆ ಪುಸ್ತಕವೂ ಬಂತು ಅಂದುಕೊಳ್ಳಬೇಡಿ, ಅದಕ್ಕೆ ಬೇರೆಯೇ ದುಡ್ಡು.

ನಾನು ನೋಡುವುದು ಒಂದನ್ನೇ: ನಾಳೆ ದುಡ್ಡು ಕಟ್ಟುವುದು ನಿಲ್ಲಿಸಿದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ನಾಲ್ಕನೇ ಆವೃತ್ತಿಯ ಕಾಲದಲ್ಲಿ, 2008ರಲ್ಲಿ, ಡಿ ಆ್ಯಂಡ್ ಡಿ ಇನ್‌ಸೈಡರ್ ಅಂತ ಒಂದು ಚಂದಾ ಸೇವೆ ಬಂತು. ಮೊದಲು ಅದರ ಕ್ಯಾರೆಕ್ಟರ್ ಬಿಲ್ಡರನ್ನು (ಪಾತ್ರ ಮಾಡುವ ಟೂಲ್) ನಮ್ಮ ಕಂಪ್ಯೂಟರಿಗೇ ಇಳಿಸಿಕೊಳ್ಳಬಹುದಿತ್ತು. 2010ರಲ್ಲಿ ಅದನ್ನು ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಎಂಬ ಬ್ರೌಸರ್ ಪ್ಲಗಿನ್ ನಂಬಿದ ವೆಬ್ ಆವೃತ್ತಿಗೆ ಬದಲಿಸಿದರು. ಸಿಲ್ವರ್‌ಲೈಟ್ ಮೂಲೆ ಸೇರಿತು, 2020ರ ಆರಂಭದಲ್ಲಿ ಆ ಟೂಲ್‌ಗಳೂ ಬಾಗಿಲು ಹಾಕಿದವು. ಅಚ್ಚಾದ ಪುಸ್ತಕ ಇದ್ದವರು ಮಾತ್ರ ಈಗಲೂ ಆರಾಮಾಗಿ ಆಡುತ್ತಾರೆ.

2024ರ ಆಗಸ್ಟ್‌ನಲ್ಲಿ ಇನ್ನೊಂದು ಗಲಾಟೆ. ಹೊಸ ನಿಯಮಗಳು ಬಂದ ಕೂಡಲೇ ಬಿಯಾಂಡ್‌ನ ಕ್ಯಾರೆಕ್ಟರ್ ಶೀಟ್‌ನಲ್ಲಿರುವ (ಪಾತ್ರದ ವಿವರವಿರುವ ಹಾಳೆ) ಹಳೆಯ ಮಂತ್ರಗಳ ಜಾಗಕ್ಕೆ ಹೊಸವನ್ನು ಹಾಕುತ್ತೇವೆ ಎಂದಿತು ಆಟದ ಕಂಪನಿ ವಿಜರ್ಡ್ಸ್ ಆಫ್ ದಿ ಕೋಸ್ಟ್. ಜನ ರೇಗಿದರು, ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಅದಕ್ಕೂ ಮುಂಚೆ, 2023ರ ಜನವರಿಯಲ್ಲಿ, ಬೇರೆಯವರೂ ಈ ಆಟದ ನಿಯಮ ಬಳಸಿ ಬರೆಯಲು ಬಿಡುವ ಒಜಿಎಲ್ (ಓಪನ್ ಗೇಮ್ ಲೈಸೆನ್ಸ್) ಪರವಾನಗಿಯನ್ನು ಬದಲಿಸಲು ಕೈ ಹಾಕಿದಾಗಲೂ ಜನ ಸಾಲುಸಾಲಾಗಿ ಸಬ್‌ಸ್ಕ್ರಿಪ್ಷನ್ ರದ್ದು ಮಾಡಿದ್ದರು. ಕಂಪನಿ ಮಣಿಯಿತು: ತಿಂಗಳು ಮುಗಿಯುವುದರೊಳಗೆ ಮೂಲ ನಿಯಮಗಳ ದಾಖಲೆಯಾದ ಎಸ್‌ಆರ್‌ಡಿ 5.1, ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅಡಿಯಲ್ಲಿ ಹೊರಬಂತು. (ತಿಂಗಳು ತಿಂಗಳು ಕಟ್ಟುವವರ ಕೈಯಲ್ಲಿ ಕಂಪನಿಯ ಜುಟ್ಟೂ ಇರುತ್ತದೆ, ಅದೊಂದು ಲಾಭ.)

ಟೂಲ್‌ಗಳೇ ದಂಡ ಅಂತ ನಾನು ಹೇಳುತ್ತಿಲ್ಲ. ಪಾತ್ರ ಐದನೇ ಲೆವೆಲ್‌ಗೆ ಬಂದಾಗ ಪ್ರೊಫಿಷಿಯನ್ಸಿ ಬೋನಸ್ (ಪಳಗಿದ ಕೆಲಸಗಳಲ್ಲಿ ದಾಳದ ಅಂಕಕ್ಕೆ ಕೂಡುವ ಸಂಖ್ಯೆ) 2ರಿಂದ 3ಕ್ಕೆ ಏರುತ್ತದೆ. ಆಗ ಅಟ್ಯಾಕ್, ಪಳಗಿದ ಸ್ಕಿಲ್‌ಗಳು, ಪಳಗಿದ ಸೇವಿಂಗ್ ಥ್ರೋಗಳು (ಅಪಾಯದಿಂದ ಪಾರಾಗಲು ಹಾಕುವ ದಾಳ), ಮಂತ್ರವಾದಿಯಾದರೆ ಸ್ಪೆಲ್ ಸೇವ್ ಡಿಸಿ (ಅವರ ಮಂತ್ರದಿಂದ ಪಾರಾಗಲು ಎದುರಾಳಿ ಮುಟ್ಟಬೇಕಾದ ಅಂಕ), ಎಲ್ಲವೂ ಒಂದೊಂದು ಹೆಚ್ಚಬೇಕು. ಕಾಗದದಲ್ಲಿ ಹೊಸಬರು ಒಂದೆರಡು ಕಡೆ ಮರೆಯುವುದು ಗ್ಯಾರಂಟಿ. ಆ್ಯಪ್ ಮರೆಯುವುದಿಲ್ಲ. ಆದರೆ ಬರೀ ಆ್ಯಪ್‌ನಲ್ಲೇ ಕಲಿತವರನ್ನು "ಆ 14 ಎಲ್ಲಿಂದ ಬಂತು?" ಎಂದು ಕೇಳಿ ನೋಡಿ, ಸ್ಕ್ರೀನ್ ತೋರಿಸುತ್ತಾರೆ. ಅದಕ್ಕೇ ಮೊದಲ ಪಾತ್ರವನ್ನು ಪೆನ್ಸಿಲ್ ಹಿಡಿದೇ ಮಾಡಿಸಿ.

ಬೇರೆ ಬೇರೆ ಊರಲ್ಲಿ ಕೂತು ಆಡುವುದಾದರೆ ಆನ್‌ಲೈನ್‌ನಲ್ಲೇ ನಕ್ಷೆ, ದಾಳ ಇಟ್ಟು ಆಡಿಸುವ ತಾಣವಾದ ರೋಲ್20ರ ಉಚಿತ ಖಾತೆಯಿಂದ ಶುರು ಮಾಡಿ. ವರ್ಷಗಟ್ಟಲೆ ಆಡುವ ಹುಮ್ಮಸ್ಸಿದ್ದರೆ ಅದೇ ಬಗೆಯ ಸಾಫ್ಟ್‌ವೇರ್ ಫೌಂಡ್ರಿ ನೋಡಿ: ಒಂದೇ ಸಲ ಕೊಳ್ಳುವ ಲೈಸೆನ್ಸ್, ಅದೂ ಆಟ ನಡೆಸುವವರಿಗೆ ಮಾತ್ರ. ಸರ್ವರ್ ತಲೆನೋವು ಮಾತ್ರ ನಿಮ್ಮದೇ.

ಎಲ್ಲಿ ಆಡಿದರೂ, ಲೆವೆಲ್ ಏರಿದಾಗಲೆಲ್ಲ ಶೀಟನ್ನು ಪಿಡಿಎಫ್ ಮಾಡಿ ಇಳಿಸಿಟ್ಟುಕೊಳ್ಳಿ. ಬಿಯಾಂಡ್‌ನಲ್ಲಿ ಆ ಸೌಲಭ್ಯಕ್ಕೆ ದುಡ್ಡಿಲ್ಲ.